ಮೂರನೇ ಕಂಬದಲ್ಲಿ ಮಲಗಿದವನು

"ಕೊಂದವನು ಯಾವನಾದ್ರೂ ತಲೆದಿಂಬು ಕೊಡ್ತಾನಾ ಮೇಡಂ?"

ಅರ್ಜೆಂಟಣ್ಣ ಹಿಂದಿನಿಂದ ಕೇಳಿದ. ನಾನು ಉತ್ತರ ಕೊಡುವ ಸ್ಥಿತಿಯಲ್ಲಿರಲಿಲ್ಲ. ಒಡೆದ ಕಂಬದ ಹೊಟ್ಟೆಯೊಳಗೆ ಮೊಣಕಾಲೂರಿ, ಟಾರ್ಚು ಹಿಡಿದು, ಮೂಗಿನ ತುಂಬ ಸಿಮೆಂಟಿನ ಪುಡಿ ತುಂಬಿಕೊಂಡು ಕೂತಿದ್ದೆ. ಈ ವಯಸ್ಸಿಗೆ ಇನ್ಸ್‌ಪೆಕ್ಟರ್ ಆದವಳಿಗೆ ಒಂದು ಒಳ್ಳೇ ಕುರ್ಚಿ ಸಿಗಬೇಕು. ನನಗೆ ಸಿಗುವುದು ಇಂಥ ಬಿಲಗಳೇ.

ಅರ್ಜೆಂಟಣ್ಣ ಅಂದರೆ ನಮ್ಮ ಹೆಡ್ ಕಾನ್‌ಸ್ಟೇಬಲ್. ಪಕ್ಕದ ಮನೆಗೆ ಬೆಂಕಿ ಬಿದ್ದಿದೆ ಅಂದರೂ ಬೂಟಿನ ದಾರ ಸಮ ಮಾಡಿಕೊಂಡೇ ಎದ್ದು ಬರುವ ಆಸಾಮಿ. ಸ್ಟೇಷನ್ನಿನಲ್ಲಿ ಯಾರೋ ತಮಾಷೆಗೆ ಇಟ್ಟ ಹೆಸರು. ಈಗ ಅವನ ಹೆಂಡತಿಯೂ ಹಾಗೇ ಕರೆಯುತ್ತಾಳಂತೆ.

ಹಳೇ ಸೇತುವೆ ಕೆಡವುವಾಗ ಮೂರನೇ ಕಂಬದೊಳಗೆ ಸಿಕ್ಕ ಎಲುಬುಗಳು ಮಿಕ್ಸರಣ್ಣನವೇ ಎಂದು ಆಸ್ಪತ್ರೆಯ ಡಾಕ್ಟರು ಹಿಂದಿನ ದಿನ ಹೇಳಿಯಾಗಿತ್ತು. ನಲವತ್ತು ವರ್ಷದ ಹಿಂದೆ ಈ ಸೇತುವೆ ಕಟ್ಟುವಾಗ ಕಾಂಕ್ರೀಟ್ ಮಿಕ್ಸರ್ ನಡೆಸುತ್ತಿದ್ದವನು. ಎಡಗೈಯ ಕಿರುಬೆರಳು ಅರ್ಧವೇ ಇತ್ತು, ಮಿಕ್ಸರಿನ ಹಲ್ಲುಚಕ್ರಕ್ಕೆ ಸಿಕ್ಕಿ ಹೋಗಿದ್ದು. ಆ ಅರ್ಧ ಬೆರಳೇ ಅವನನ್ನು ಗುರುತಿಸಿಕೊಟ್ಟಿತು.

ಎಲುಬುಗಳನ್ನು ಒಯ್ದ ಮೇಲೆ ಉಳಿದದ್ದು ಒಂದು ಖಾಲಿ ಜಾಗ. ಒಬ್ಬ ಮನುಷ್ಯ ಅಂಗಾತ ಮಲಗಲು ಎಷ್ಟು ಬೇಕೋ ಅಷ್ಟೇ. ತಲೆಯಿದ್ದ ಕಡೆ ಕಾಂಕ್ರೀಟಿನ ಮೇಲೆ ಗೋಣಿಯ ನೇಯ್ಗೆ ಅಚ್ಚೊತ್ತಿತ್ತು. ಬೆರಳಾಡಿಸಿದರೆ ಎಳೆ ಎಳೆಯೂ ತಿಳಿಯುತ್ತಿತ್ತು. ಗೋಣಿ ಕೊಳೆತು ಪುಡಿಯಾಗಿತ್ತು, ಮಡಿಕೆಯ ಗುರುತು ಮಾತ್ರ ಹಾಗೇ ಇತ್ತು.

"ಅದು ಕ್ಯೂರಿಂಗ್ ಚೀಲ ಮೇಡಂ," ಎಂದಳು ಇಂಜಿನಿಯರ್ ಹುಡುಗಿ. ಸೇತುವೆ ಕೆಡವುವ ಕೆಲಸವೆಲ್ಲ ಅವಳದೇ ಉಸ್ತುವಾರಿ. "ಹೊಸ ಕಾಂಕ್ರೀಟು ಒಣಗಿ ಬಿರುಕು ಬಿಡಬಾರದು ಅಂತ ಒದ್ದೆ ಗೋಣಿ ಹೊದಿಸಿ, ಮೇಲೆ ನೀರು ಹಾಕ್ತಾ ಇರ್ತಾರೆ. ಅದರ ಮೇಲೆ ಮತ್ತೆ ಕಾಂಕ್ರೀಟ್ ಹಾಕೋ ಮುಂಚೆ ಒಂದೂ ಬಿಡದ ಹಾಗೆ ಎಲ್ಲ ಚೀಲ ತೆಗೀಬೇಕು."

"ಇದೊಂದನ್ನ ಮರೆತಿದಾರೆ."

"ಮರೆತಿದ್ರೆ ಚೀಲ ಹರಡ್ಕೊಂಡು ಬಿದ್ದಿರ್ತಿತ್ತು. ಇದನ್ನ ಯಾರೋ ನೀಟಾಗಿ ಮಡಚಿ ತಲೆ ಕೆಳಗೆ ಇಟ್ಟಿದಾರೆ."

ಅವಳು ಗೋಡೆಯ ಮೇಲೆ ಬೆರಳಿಟ್ಟು ತೋರಿಸಿದಳು. ಖಾಲಿ ಜಾಗದ ತಳದ ಮಟ್ಟಕ್ಕೇ ಒಂದು ಕಪ್ಪು ಗೆರೆ ಕಂಬದ ಅಡ್ಡಕ್ಕೂ ಹೋಗಿತ್ತು. ಕೆಳಗಿನ ಕಾಂಕ್ರೀಟಿಗೂ ಮೇಲಿನದಕ್ಕೂ ಬಣ್ಣವೇ ಬೇರೆ.

"ಕಾಂಕ್ರೀಟ್ ಹಾಕ್ತಾ ಹಾಕ್ತಾ ಕೆಲಸ ನಿಂತುಹೋದ್ರೆ ಹೀಗೆ ಗೆರೆ ಬೀಳತ್ತೆ ಮೇಡಂ. ಕೆಳಗಿಂದು ಗಟ್ಟಿಯಾದ ಮೇಲೆ ಮೇಲಿಂದು ಹಾಕಿದ್ರೆ ಎರಡೂ ಒಂದಾಗಲ್ಲ. ಇಲ್ಲಿ ಒಂದು ರಾತ್ರಿಯಾದ್ರೂ ಕೆಲಸ ನಿಂತಿದೆ."

"ಹಸಿ ಕಾಂಕ್ರೀಟಿಗೆ ಆಯ ತಪ್ಪಿ ಬಿದ್ದಿದ್ರೆ?"

"ಮೈ ಅದರೊಳಗೆ ಹೂತ್ಕೊಳ್ತಿತ್ತು. ಅಡ್ಡಾದಿಡ್ಡಿ ಸಿಕ್ತಿದ್ರು. ಇವರ ಬೆನ್ನ ಕೆಳಗೆ ಒಂದು ಚೂರೂ ತಗ್ಗಿಲ್ಲ ನೋಡಿ. ಗಟ್ಟಿ ನೆಲದ ಮೇಲೆ ಮಲಗಿಸಿ, ಕೈ ಎರಡೂ ಎದೆ ಮೇಲಿಟ್ಟು, ಆಮೇಲೆ ಮೇಲೆ ಹಾಕಿದಾರೆ."

ಹಾಗಾದರೆ ಸೇತುವೆ ಕಟ್ಟಿಸಿದ ಮೇಸ್ತ್ರಿ ನಮ್ಮ ಕಣ್ಣಿಗೆ ಮಣ್ಣೆರಚಿದ್ದ. ನಮಗೆ ಗೊತ್ತಿದ್ದ ಮಟ್ಟಿಗೆ ಅಂದಿನ ಕೆಲಸಗಾರರಲ್ಲಿ ಉಳಿದಿರುವವನು ಎಂದರೆ ಆ ಮುದುಕ ಒಬ್ಬನೇ. ಕಂಟ್ರಾಕ್ಟರ್ ಯಾವತ್ತೋ ತೀರಿಹೋಗಿದ್ದ. ನಾಲ್ಕು ದಿನದ ಹಿಂದೆ ಮೇಸ್ತ್ರಿ ನನ್ನ ಮುಂದೆ ಕೂತು, "ಹಸಿ ಕಾಂಕ್ರೀಟಿಗೆ ಬಿದ್ದಿರ್ಬೇಕು ತಾಯಿ, ಯಾರೂ ನೋಡ್ಲಿಲ್ಲ, ಒಂದ್ಸಲ ಶುರುವಾದ್ರೆ ನಾವು ಕೆಲಸ ನಿಲ್ಲಿಸೋದೇ ಇಲ್ಲ" ಎಂದು ಕೈಮುಗಿದು ಹೇಳಿದ್ದ. ನನಗೆ ಕೋಪ ನೆತ್ತಿಗೇರಿತು.

ಬಿಲದಿಂದ ಹೊರಬಂದು ಸೊಂಟ ಸೆಟೆಸಿ ನಿಂತೆ. ಬೇಸಗೆಯ ಹೊಳೆ, ಮಂಡಿಯುದ್ದ ನೀರು. ಮೊದಲೆರಡು ಕಂಬ ಆಗಲೇ ನೆಲಸಮ. ಉಳಿದವು ತಲೆಯಿಲ್ಲದೆ ಸಾಲಾಗಿ ನಿಂತಿದ್ದವು.

ಈ ಸೇತುವೆ ಬರುವ ಮುಂಚೆ ಇಲ್ಲಿ ದೋಣಿಯಿತ್ತು. ಮಳೆಗಾಲದಲ್ಲಿ ಆ ದಡದವರಿಗೆ ಕಾಯಿಲೆ ಬಂದರೆ ಮುಗಿಯಿತು, ಅಷ್ಟೇ. ಸೇತುವೆ ಆದ ಮೊದಲ ವರ್ಷ ಜನ ಸುಮ್ಮನೆ ಬಂದು ನಡುವೆ ನಿಂತು ನೀರು ನೋಡಿ ಹೋಗುತ್ತಿದ್ದರಂತೆ. ಆಮೇಲೆ ಅಭ್ಯಾಸವಾಯಿತು. ಹೆರಿಗೆಗೆ ಹೋದವರು ಇದರ ಮೇಲೆ ಕೂಸು ಎತ್ತಿಕೊಂಡು ಬಂದರು, ಸತ್ತವರೂ ಇದರ ಮೇಲೇ ಹೋದರು. ಒಂದು ವರ್ಷ ನೆರೆ ಬಂದು ರಸ್ತೆಯ ಮಟ್ಟಕ್ಕೆ ನೀರು ಮುಟ್ಟಿದಾಗ ಊರಿಗೆ ಊರೇ ದಡದಲ್ಲಿ ಉಸಿರು ಬಿಗಿಹಿಡಿದು ನಿಂತಿತ್ತು. ಸೇತುವೆ ಜಗ್ಗಲಿಲ್ಲ.

ಮುದಿತನ ಮಾತ್ರ ಯಾರನ್ನೂ ಬಿಡುವುದಿಲ್ಲವಲ್ಲ. ಲಾರಿಗಳು ದೊಡ್ಡವಾದವು, ಅಂಚಿನ ಕಟಾಂಜನ ಮುರಿಯಿತು, ಅಡಿಯಲ್ಲಿ ಕಾಂಕ್ರೀಟು ಉದುರಿ ಕಬ್ಬಿಣ ಹಲ್ಲು ಕಿರಿಯಿತು. ಮೊದಲು ಭಾರಿ ವಾಹನ ಬೇಡವೆಂದರು, ಆಮೇಲೆ ಕಾರೂ ಬೇಡವೆಂದರು, ಕಡೆಗೆ ಎರಡೂ ತುದಿಗೆ ಗೋಡೆ ಕಟ್ಟಿದರು. ಪಕ್ಕದಲ್ಲೇ ಹೊಸದು ಎದ್ದಿತು.

ಅಷ್ಟು ವರ್ಷವೂ ಊರಿನವರೆಲ್ಲ ನಡೆದದ್ದು ಮಿಕ್ಸರಣ್ಣನ ಮೇಲೆ. ಅವನ ಹೆಂಡತಿ ನಡೆದಳು. ಅವನ ಮಗಳು ಶಾಲೆಯ ಚೀಲ ಹೊತ್ತು ನಡೆದಳು.

ಆ ಮಗಳು ದಡದ ಕಲ್ಲಿನ ಮೇಲೆ ಕೂತು ಕಾಯುತ್ತಿದ್ದಳು.

ಊರಿಗೆಲ್ಲ ಟೈಲರಮ್ಮ. ಹೊಳೆಯ ಬೀದಿಯಲ್ಲಿ ಅಂಗಡಿ, ಅದರ ಹಿಂದೆಯೇ ಮನೆ. ಕುತ್ತಿಗೆಗೆ ಅಳತೆಯ ಟೇಪು ಹಾಕಿಕೊಂಡೇ ಓಡಿಬಂದಿದ್ದಳು. ಅಪ್ಪ ಕಾಣೆಯಾದಾಗ ಅವಳಿಗೆ ಆರು ವರ್ಷ. ಜಲ್ಲಿ ಹೊರುತ್ತಿದ್ದ ಒಬ್ಬಳು ಹೆಂಗಸೂ ಅದೇ ದಿನ ಊರು ಬಿಟ್ಟಿದ್ದರಿಂದ, ಇಬ್ಬರೂ ಕೂಡಿ ಓಡಿಹೋದರು ಎಂಬುದು ಊರಿನ ತೀರ್ಪು. ಶಾಲೆಯಲ್ಲಿ ಇವಳು ಓಡಿಹೋದವನ ಮಗಳು. ಗೊತ್ತಾದ ಮದುವೆ ಮುರಿದದ್ದೂ ಆ ಮಾತಿನಿಂದಲೇ.

"ಆ ಹೆಂಗಸು ಸಿಕ್ಕಿದಳಾ ಮೇಡಂ?" ಎಂದಳು.

"ತೀರ್ಕೊಂಡು ತುಂಬ ವರ್ಷ ಆಯ್ತಂತೆ ಕಣಮ್ಮ. ಬೇರೆ ಊರಲ್ಲಿ ಕೊನೇವರೆಗೂ ಒಬ್ಬಳೇ ಇದ್ದಳಂತೆ. ಅರ್ಜೆಂಟಣ್ಣ ವಿಚಾರಿಸಿದಾನೆ."

ಅವಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು.

"ನೋಡಿದ್ರಾ? ನಮ್ಮಪ್ಪ ಎಲ್ಲೂ ಹೋಗಿರ್ಲಿಲ್ಲ. ಇಲ್ಲೇ ಇದ್ರು. ನಾನು ದಿನಾ ಅವರ ಮೇಲೇ ಓಡಾಡಿದೀನಿ, ಅವರನ್ನೇ ಬೈಕೊಂಡು."

ಸಮಾಧಾನ ಹೇಳುವುದು ನನಗೆ ಬರುವುದಿಲ್ಲ. ಪಕ್ಕದಲ್ಲಿ ಕೂತು ಬಾಟಲಿಯ ನೀರು ಕೊಟ್ಟೆ. ಎರಡು ಗುಟುಕು ಕುಡಿದು ನನ್ನ ಕೈ ಹಿಡಿದುಕೊಂಡಳು.

"ಒಂದು ಉಪಕಾರ ಮಾಡಿ ಮೇಡಂ. ಅಮ್ಮನಿಗೆ ಇನ್ನೂ ಹೇಳಿಲ್ಲ. ಡಾಕ್ಟರು ಇವತ್ತೋ ನಾಳೆಯೋ ಅಂದಿದಾರೆ. ಗಂಡ ಬಿಟ್ಟುಹೋದೋಳು ಅನ್ನಿಸ್ಕೊಂಡೇ ಮುದುಕಿ ಆದ್ಲು. ಅವಳು ಕಣ್ಣು ಮುಚ್ಚೋ ಮೊದಲು, ನಿನ್ನ ಗಂಡ ನಿನ್ನನ್ನ ಬಿಟ್ಟು ಹೋಗಿರ್ಲಿಲ್ಲ ಅಂತ ಒಂದು ಮಾತು ಕೇಳಬೇಕು. ನಾನು ಹೇಳಿದ್ರೆ ಸುಮ್ನೆ ಸಮಾಧಾನಕ್ಕೆ ಅಂದ್ಕೋತಾಳೆ. ನೀವು ಯೂನಿಫಾರಂನಲ್ಲಿ ಬಂದು ಹೇಳಿ."

"ಬರ್ತೀನಿ. ಸಂಜೆ ಒಳಗೆ ಬರ್ತೀನಿ."

"ಪಾಪ, ಅವಳಿಗೇನೋ ಗೊತ್ತಾಗಿದೆಯೋ ಏನೋ. ಕೆಡವೋ ಸದ್ದು ಶುರುವಾದಾಗಿಂದ ದಿನಾ ಕೇಳ್ತಾಳೆ, ಎಷ್ಟನೇ ಕಂಬ ಒಡೆದ್ರು, ಎಷ್ಟನೇ ಕಂಬ ಒಡೆದ್ರು ಅಂತ."

ನಾನು ಏಳಲು ಹೊರಟವಳು ಹಾಗೇ ಕೂತೆ.

"ನಿಮ್ಮಮ್ಮನೂ ಇದೇ ಕೆಲಸದಲ್ಲಿದ್ರಾ?"

"ಹೂಂ. ಅಪ್ಪ ಮಿಕ್ಸರು, ಅಮ್ಮ ನೀರು ಹಾಕೋ ಕೆಲಸ. ಗೋಣಿ ಹೊದಿಸಿ ನೀರು ಹಾಕ್ತಾರಲ್ಲ, ಅದು."

ಅರ್ಜೆಂಟಣ್ಣ ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಲಿಲ್ಲ. ನನ್ನ ಮುಖ ಟೈಲರಮ್ಮನಿಗೆ ಕಾಣಬಾರದೆಂದು ಟೋಪಿ ಸರಿಮಾಡಿಕೊಂಡು ಎದ್ದು ಜೀಪಿನ ಕಡೆ ನಡೆದೆ.

ಮೇಸ್ತ್ರಿಯ ಮನೆ ಮಗನ ಹಾರ್ಡ್‌ವೇರ್ ಅಂಗಡಿಯ ಹಿಂಬದಿ. ಮೊಳೆ, ಪೈಪು, ಬಣ್ಣದ ಡಬ್ಬಗಳ ಸಂದಿಯಲ್ಲಿ ಓರೆಯಾಗಿ ನುಗ್ಗಿ ಹೋಗಬೇಕು. ಮುದುಕ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಟೀವಿ ನೋಡುತ್ತಿದ್ದ. ಸೊಸೆ ನಮ್ಮನ್ನು ನೋಡಿದ್ದೇ ಎರಡು ಸ್ಟೂಲು ತಂದು ಹಾಕಿ ಒಳಗೆ ಹೋದಳು. ಬಾಗಿಲ ಹಿಂದೆ ಅವಳ ಸೆರಗು ಕಾಣುತ್ತಿತ್ತು, ಮೈಯೆಲ್ಲ ಕಿವಿ ಮಾಡಿಕೊಂಡು ನಿಂತಿದ್ದಳು.

ಅರ್ಜೆಂಟಣ್ಣ ಟೀವಿ ಆರಿಸಿದ.

"ಮೇಸ್ತ್ರಿಗಳೇ, ಕಾಂಕ್ರೀಟ್ ಶುರು ಮಾಡಿದ್ರೆ ನಿಲ್ಲಿಸಲ್ಲ ಅಂದ್ರಿ."

"ಹೌದು ತಾಯಿ. ನಿಲ್ಲಿಸಿದ್ರೆ ಕೆಲಸ ಕೆಟ್ಟುಹೋಗತ್ತೆ."

"ಮೂರನೇ ಕಂಬದಲ್ಲಿ ಗೆರೆ ಇದೆ."

"ಕಾಂಕ್ರೀಟ್ ಸುರಿಯೋಕೆ ಸುತ್ತ ಕಟ್ತೀವಲ್ಲ, ಆ ಸೆಂಟ್ರಿಂಗ್ ಹಲಗೆ ಗುರುತು. ಎಲ್ಲ ಪಿಲ್ಲರಲ್ಲೂ ಇರತ್ತೆ."

"ಹಲಗೆ ಗುರುತು ಹೊರಗಡೆ ಇರತ್ತೆ. ಇದು ಒಳಗೆ ಈ ಕಡೆಯಿಂದ ಆ ಕಡೆವರೆಗೂ ಇದೆ. ನಂಗೆ ಕಾಗಕ್ಕ ಗುಬ್ಬಕ್ಕನ ಕತೆ ಹೇಳ್ಬೇಡಿ. ನೀವು ಕೆಲಸ ನಿಲ್ಲಿಸಿದ್ರಿ. ಗಟ್ಟಿಯಾದ ಮೇಲೆ ಅವನನ್ನ ತಂದು ಮಲಗಿಸಿದ್ರಿ."

ಮುದುಕ ಕುರ್ಚಿಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡ.

"ಸತ್ತವರ ಸುದ್ದಿ ಈಗ ಯಾಕೆ ತಾಯಿ? ನಂಗೂ ಕರೆ ಬಂದಿದೆ, ಇವತ್ತೋ ನಾಳೆಯೋ."

"ಅದಕ್ಕೇ ಇವತ್ತೇ ಬಂದೆ."

ನಗು ಬಂತೋ ಅಳು ಬಂತೋ, ಕೆಮ್ಮಿದ. ಸೊಸೆ ನೀರು ತಂದುಕೊಟ್ಟಳು. ಲೋಟ ಖಾಲಿಯಾಗುವವರೆಗೂ ನಾನು ಕಾದೆ. ಕಾಯುವುದರಲ್ಲಿ ಮಾತ್ರ ನಾನು ಎತ್ತಿದ ಕೈ.

"ಅವತ್ತು ಮಧ್ಯಾಹ್ನ ಮಿಕ್ಸರ್ ಬೆಲ್ಟು ಹರೀತು," ಎಂದ ಕಡೆಗೂ. "ಹೊಸಾದು ಬರೋದು ಬೆಳಗ್ಗೆಗೇ ಅಂದ್ರು. ಅರ್ಧ ಪಿಲ್ಲರ್ ಹಾಗೇ ನಿಂತ್ಹೋಯ್ತು. ಆಳುಗಳನ್ನೆಲ್ಲ ಮನೆಗೆ ಕಳಿಸ್ದೆ. ಸಂಜೆ ನಾನು ಮತ್ತೆ ಹೋಗಿ ನೋಡಿದ್ರೆ, ಅವನು ಕೆಳಗೆ ಕಲ್ಲುಗಳ ಮೇಲೆ ಬಿದ್ದಿದ್ದ. ಕತ್ತು ಮುರಿದಿತ್ತು. ಏಣಿ ಪಕ್ಕದಲ್ಲಿ ಬಿದ್ದಿತ್ತು. ಕಾಲು ಜಾರಿ ಬಿದ್ದಿದ್ದ ತಾಯಿ, ನನ್ನ ಮಕ್ಕಳ ಆಣೆ, ನಾವ್ಯಾರೂ ಅವನನ್ನ ಮುಟ್ಟಲಿಲ್ಲ."

"ಹಾಗಿದ್ರೆ ಪೊಲೀಸಿಗೆ ಹೇಳೋಕೇನಾಗಿತ್ತು ರೋಗ?"

"ಆ ವರ್ಷ ಆಗ್ಲೇ ಇಬ್ಬರು ಸತ್ತಿದ್ರು, ಪಾಯ ತೆಗೆಯೋವಾಗ. ಇನ್ನೊಂದು ಹೆಣ ಬಿದ್ರೆ ಕೆಲಸಕ್ಕೆ ಬೀಗ ಹಾಕ್ತೀವಿ ಅಂತ ಮೇಲಿನೋರು ಹೇಳಿದ್ರು. ಕಂಟ್ರಾಕ್ಟರ್ ತಲೆ ಚಚ್ಚಿಕೊಂಡ. ಮಣ್ಣಿನಲ್ಲಿ ಹೂಳೋ ಬದಲು ಇದರಲ್ಲಿ ಹೂಳೋಣ ಅಂದ. ಸತ್ತ ಕಂಟ್ರಾಕ್ಟರ್ ಮೇಲೆ ಹೊರಿಸ್ತಾನೆ ಮುದುಕ ಅಂದ್ಕೋಬೇಡಿ. ನಾನೂ ಹೂಂ ಅಂದೆ. ಇಬ್ಬರೂ ಸೇರಿ ರಾಟೆಗೆ ಕಟ್ಟಿ ಮೇಲೆತ್ತಿದ್ವಿ."

ಅವನ ಕಣ್ಣಲ್ಲಿ ನೀರಿಳಿಯಿತು. ಒರೆಸಿಕೊಳ್ಳಲಿಲ್ಲ.

"ತಲೆ ಕೆಳಗೆ ಗೋಣಿ ಇಟ್ಟಿದ್ದು ಯಾರು?"

ಮುದುಕ ಖಾಲಿ ಲೋಟವನ್ನು ನೆಲಕ್ಕಿಟ್ಟ.

"ನೀವಾ?"

"ಅಷ್ಟು ಮನುಷ್ಯತ್ವ ನಂಗೆಲ್ಲಿತ್ತು ತಾಯಿ? ಅವಳು ಇಟ್ಟಳು. ಅವನ ಹೆಂಡ್ತಿ."

ಗೊತ್ತಿದ್ದ ಮಾತೇ.

"ಅವಳು ಅಲ್ಲೇ ಮೇಲೆ ಇದ್ದಳು. ಎಲ್ಲರೂ ಹೋದ್ರೂ ನೀರು ಹಾಕೋರು ಇರಲೇಬೇಕಲ್ಲ. ಮಗಳು ಇದಾಳೆ, ನೋಡ್ಕೋತೀವಿ, ಬಾಯಿ ಬಿಡ್ಬೇಡ ಅಂತ ಕಂಟ್ರಾಕ್ಟರ್ ಕೈಮುಗಿದ. ನಾವು ಅವನನ್ನ ಹೇಗೋ ಹಾಗೆ ಹಲಗೆಗಳ ಒಳಗೆ ಇಳಿಸಿದ್ವಿ. ಸರೀರಿ ಆಚೆ ಅಂದಳು. ತಾನೇ ಒಳಗೆ ಇಳಿದಳು. ಅಂಗಿ ಗುಂಡಿ ಹಾಕಿದಳು. ಕೈ ಎತ್ತಿ ಎದೆ ಮೇಲಿಟ್ಟಳು. ಚೀಲ ಮಡಚಿ ತಲೆ ಕೆಳಗೆ ಕೊಟ್ಟಳು. ಬೆಳಗ್ಗೆ ಆಳುಗಳು ಬರೋ ಮುಂಚೆ ಕೈಯಲ್ಲೇ ಕಲಸಿ, ಮೊದಲ ಬಾಂಡ್ಲಿ ನಾನೇ ಸುರಿದೆ. ಅವಳು ನೀರಿನ ಕೊಡ ಹಿಡ್ಕೊಂಡು ಅಲ್ಲೇ ನಿಂತಿದ್ಲು. ಕಣ್ಣಲ್ಲಿ ಒಂದು ಹನಿ ಇರ್ಲಿಲ್ಲ."

"ಅದಾದ ಮೇಲೆ ಓಡಿಹೋದ ಅಂತ ಕತೆ ಕಟ್ಟಿದ್ರಿ. ಸತ್ತೋನ ಮಾನನೂ ತೆಗೆದ್ರಿ. ಆರು ವರ್ಷದ ಮಗು ಮುಖ ಒಂದ್ಸಲನೂ ನೆನಪಾಗ್ಲಿಲ್ವಾ ನಿಮಗೆ?"

ನನ್ನ ದನಿ ಏರಿಬಿಟ್ಟಿತ್ತು. ಅಂಗಡಿಯಲ್ಲಿ ಮೊಳೆ ತೂಗುತ್ತಿದ್ದ ಮಗ ಇಣುಕಿ ನೋಡಿದ.

ಮುದುಕ ತಲೆ ಅಲ್ಲಾಡಿಸಿದ. "ಆ ಪಾಪ ನಂದಲ್ಲ ತಾಯಿ. ಅವನ ತಾಯಿಗೆ ಹುಷಾರಿಲ್ಲ, ಊರಿಗೆ ಹೋದ ಅಂತ ಹೇಳೋಣ ಅಂತ ನಾವು ಮಾತಾಡ್ಕೊಂಡಿದ್ವಿ. ಬೆಳಗ್ಗೆ ಆಳುಗಳು ಬಂದು ಎಲ್ಲಿ ನಿನ್ನ ಗಂಡ ಅಂತ ಕೇಳಿದ್ರು. ಅವಳೇ ಹೇಳಿದ್ಲು, ಜಲ್ಲಿಯೋಳ ಜೊತೆ ಓಡಿಹೋದ ಅಂತ. ಎಲ್ಲರ ಮುಂದೆ, ಗಟ್ಟಿಯಾಗಿ. ನಾನೂ ಕಂಟ್ರಾಕ್ಟರೂ ಮುಖ ಮುಖ ನೋಡ್ಕೊಂಡ್ವಿ."

ಹೊರಗೆ ಬಂದು ಜೀಪು ಹತ್ತಿದೆವು. ನನ್ನ ತಲೆ ಚಿಟ್ಟು ಹಿಡಿದಿತ್ತು. ಗಂಡ ಊರಿಗೆ ಹೋದ ಎಂದು ಹೇಳಬಹುದಿತ್ತು, ಕೆಲಸ ಹುಡುಕಿ ಹೋದ ಎನ್ನಬಹುದಿತ್ತು. ಒಬ್ಬ ಹೆಂಗಸು ಊರವರ ಬಾಯಿಗೆ ತಾನಾಗಿ ಬೀಳುವ ಕತೆಯನ್ನೇ ಆರಿಸಿಕೊಳ್ಳುತ್ತಾಳೆ ಎಂದರೆ ಏನರ್ಥ? ಬೇರೆ ಯಾವ ಕತೆಯಾದರೂ ಅವಳಿಗೂ ಮಗಳಿಗೂ ಇದಕ್ಕಿಂತ ಸುಖ ಕೊಡುತ್ತಿತ್ತು.

"ಮೇಡಂ, ಒಂದು ಮಾತು," ಎಂದ ಅರ್ಜೆಂಟಣ್ಣ. "ನಾವು ಆ ಅಜ್ಜಿಯನ್ನ ಏನೂ ಕೇಳೋದು ಬೇಡ. ಟೈಲರಮ್ಮ ಹೇಳಿದ ಒಂದು ಮಾತು ಹೇಳಿ ಬಂದ್ಬಿಡೋಣ. ಸಾಯೋ ಜೀವ."

"ನಾನೂ ಅದನ್ನೇ ಅಂದ್ಕೊಂಡೆ," ಎಂದೆ. ಹಾಗಂದುಕೊಂಡಿದ್ದು ನಿಜವೇ.

ಹೊಲಿಗೆ ಅಂಗಡಿಯ ಹಿಂದೆ ಒಂದೇ ಕೋಣೆ, ಅದಕ್ಕೆ ಅಂಟಿಕೊಂಡು ಅಡುಗೆಮನೆ. ಕಿಟಕಿ ಹೊಳೆಯ ಕಡೆಗೆ. ಕಾಂಕ್ರೀಟು ಒಡೆಯುವ ಯಂತ್ರದ ಸದ್ದಿಗೆ ಕಿಟಕಿಯ ಗಾಜು ಅದುರುತ್ತಿತ್ತು. ಹಾಸಿಗೆಯ ಮೇಲೆ ಮುದುಕಿ ಒಂದು ಹಿಡಿಯಷ್ಟಾಗಿ ಮಲಗಿದ್ದಳು. ಕಣ್ಣು ಮಾತ್ರ ಚುರುಕಾಗಿತ್ತು.

"ಅಮ್ಮಾ, ಪೊಲೀಸ್ ಮೇಡಂ ಬಂದಿದಾರೆ. ಏನೋ ಹೇಳ್ಬೇಕಂತೆ ನಿಂಗೆ." ಟೈಲರಮ್ಮನ ದನಿಯಲ್ಲಿ ಹಬ್ಬವಿತ್ತು, ಅಳುವೂ ಇತ್ತು. ಚಾದರ ಸರಿಮಾಡಿದಳು, ಅಮ್ಮನ ಕೂದಲು ಹಿಂದಕ್ಕೆ ಸವರಿದಳು.

"ಟೀ ಇಡು ಹೋಗು," ಎಂದಳು ಮುದುಕಿ.

"ಇರಮ್ಮ, ಅವರು ಹೇಳ್ಲಿ ಮೊದಲು."

"ಮನೆಗೆ ಬಂದೋರಿಗೆ ಟೀ ಕೊಡದೆ ಮಾತಾಡಿಸ್ತಾರೇನೇ? ಹೋಗು."

ಮಗಳು ನನಗೊಂದು ಕಣ್ಸನ್ನೆ ಮಾಡಿ, ಹೇಳಿ ಮೇಡಂ ಎಂಬಂತೆ, ಅಡುಗೆಮನೆಗೆ ಹೋದಳು. ಅರ್ಜೆಂಟಣ್ಣ ಹೊಸ್ತಿಲ ಬಳಿ ನಿಂತ. ನಾನು ಹಾಸಿಗೆಯ ಪಕ್ಕ ಕೂತೆ.

"ಮೂರನೇದು ಒಡೆದ್ರಾ?" ಎಂದಳು ಮುದುಕಿ.

"ಒಡೆದ್ರಮ್ಮ."

"ಹೇಗಿದ್ರು?"

"ನೀವು ಮಲಗಿಸಿದ ಹಾಗೇ ಇದ್ರು."

ಅವಳು ಕಣ್ಣು ಮುಚ್ಚಿದಳು. ರೆಪ್ಪೆಯ ಅಂಚಿನಿಂದ ನೀರು ಕಿವಿಯ ಕಡೆ ಇಳಿಯಿತು. ನಾನು ಬಂದ ಕೆಲಸ ಮುಗಿಸಿ ಎದ್ದುಬಿಡಬೇಕೆಂದುಕೊಂಡೆ.

"ನಾನು ಏನೂ ಕೇಳೋಕೆ ಬಂದಿಲ್ಲಮ್ಮ. ಒಂದು ಮಾತು ಹೇಳೋಕೆ ಬಂದೆ. ಅವರು ನಿಮ್ಮನ್ನ ಬಿಟ್ಟು ಹೋಗಿರ್ಲಿಲ್ಲ."

"ಹೋಗ್ತಿದ್ರು."

ಹೊರಗೆ ಯಂತ್ರದ ಸದ್ದು ನಿಂತಿತು. ಅಡುಗೆಮನೆ ಕಡೆ ಪಾತ್ರೆಯ ಸದ್ದು.

"ಬಟ್ಟೆ ಗಂಟು ಕಟ್ಕೊಂಡೇ ಬಂದಿದ್ರು," ಎಂದಳು, ನಿಧಾನವಾಗಿ, ನಡುನಡುವೆ ಉಸಿರು ಎಳೆದುಕೊಳ್ಳುತ್ತ. "ಹೇಳದೇ ಹೋಗೋರಲ್ಲ ಅವರು. ಅಷ್ಟೊಂದು ಕೆಟ್ಟೋರಲ್ಲ. ಏಣಿ ಹತ್ತಿ ಮೇಲೆ ಬಂದು, ನಾನು ಹೋಗ್ತೀನಿ ಕಣೇ ಅಂದ್ರು. ಮಗು ಕೇಳಿದ್ರೆ ಏನ್ ಹೇಳ್ಲಿ ಅಂದೆ. ಬರ್ತಾರೆ ಅಂತ ಹೇಳು ಅಂದ್ರು. ಆ ಜಲ್ಲಿ ಹೊರೋಳು ಬಸ್ ಸ್ಟ್ಯಾಂಡಿನಲ್ಲಿ ಕಾಯ್ತಿದ್ಲು. ಕತ್ತಲಾಗೋವರೆಗೂ ಕಾದು, ಒಬ್ಬಳೇ ಬಸ್ ಹತ್ತಿದ್ಲಂತೆ, ಪಾಪ."

"ಓಡಿಹೋದ್ರು ಅಂತ ನೀವೇ ಊರಿಗೆಲ್ಲ ಹೇಳಿದ್ರಂತೆ."

"ನಿಜ ತಾನೇ ಅದು? ಸತ್ರು ಅಂದಿದ್ರೆ ಎಲ್ಲರೂ ಬಂದು ನನ್ನನ್ನ ತಬ್ಕೊಂಡು ಅಳೋರು. ಅದನ್ನ ತಡ್ಕೊಳ್ಳೋಕೆ ಆಗ್ತಿರ್ಲಿಲ್ಲ ನಂಗೆ."

"ಯಾಕಮ್ಮ?"

ಕೇಳಬಾರದಿತ್ತು. ಪೊಲೀಸ್ ಬಾಯಿ, ಸುಮ್ಮನಿರಲಿಲ್ಲ.

ಮುದುಕಿ ಚಾದರದೊಳಗಿಂದ ಎರಡೂ ಕೈ ಹೊರಗೆ ತೆಗೆದು ಅಂಗೈ ನೋಡಿಕೊಂಡಳು. ತುಂಬ ಹೊತ್ತು ನೋಡಿಕೊಂಡಳು.

"ಏಣಿ ಮೇಲ್ಗಡೆ ಹಗ್ಗದಲ್ಲಿ ಕಟ್ಟಿರ್ತಿತ್ತು. ನೀರಿನ ಕೊಡ ಎತ್ತೋಕೆ ಹಗ್ಗ ಸಾಲ್ದು ಅಂತ ನಾನೇ ಅದನ್ನ ಬಿಚ್ಚಿದ್ದೆ. ದಿನಾ ಹಾಗೇ ಮಾಡ್ತಿದ್ವಿ. ಅದಕ್ಕೇ ಯಾರು ಇಳಿದ್ರೂ ಮೇಲಿಂದ ಒಬ್ಬರು ಏಣಿ ಹಿಡ್ಕೋಬೇಕು. ಅವರು ಇಳಿಯೋವಾಗ ನಾನು ಹಿಡ್ಕೊಂಡಿದ್ದೆ. ಗಂಟು ಹೆಗಲಿಗೆ ಹಾಕ್ಕೊಂಡು, ನನ್ನ ಕಡೆ ಮುಖ ಎತ್ತಿ ನೋಡ್ತಾ ಇಳೀತಿದ್ರು. ಬಿಗಿಯಾಗಿ ಹಿಡ್ಕೋ ಅಂದ್ರು."

ಅವಳ ಉಸಿರು ಸಿಕ್ಕಿಕೊಂಡಿತು. ನಾನು ತಲೆ ಎತ್ತಿ ಹಿಡಿದು ಒಂದು ಚಮಚ ನೀರು ಹಾಕಿದೆ.

"ಕೈ ಒದ್ದೆ ಇತ್ತು. ಜಾರಿತೋ, ನಾನೇ ಬಿಟ್ಟೆನೋ. ನಂಗೇ ಗೊತ್ತಿಲ್ಲಮ್ಮ. ಅವತ್ತಿಂದ ದಿನಾ ಅದನ್ನೇ ಕೇಳ್ಕೋತಿದೀನಿ. ಒಂದಿನ ಜಾರ್ತು ಅನ್ಸತ್ತೆ. ಒಂದಿನ ಬಿಟ್ಟೆ ಅನ್ಸತ್ತೆ."

ನನ್ನ ಇಷ್ಟು ವರ್ಷದ ಕೆಲಸದಲ್ಲಿ ಎಷ್ಟೋ ಜನ ನನ್ನ ಮುಂದೆ ತಪ್ಪು ಒಪ್ಪಿಕೊಂಡಿದ್ದಾರೆ, ಎಷ್ಟೋ ಜನ ಸುಳ್ಳು ಹೇಳಿ ಕೈ ತೊಳೆದುಕೊಂಡಿದ್ದಾರೆ. ಎರಡಕ್ಕೂ ನನಗೆ ಮಾತು ಗೊತ್ತು. ಇದಕ್ಕೆ ಗೊತ್ತಿರಲಿಲ್ಲ. ಅವಳ ಕೈ ಹಿಡಿದುಕೊಂಡು ಕೂತೆ.

ಟೈಲರಮ್ಮ ತಟ್ಟೆಯಲ್ಲಿ ಮೂರು ಲೋಟ ಇಟ್ಟುಕೊಂಡು ಬಂದಳು. ನನ್ನ ಮುಖ ನೋಡಿದಳು, ಅಮ್ಮನ ಒದ್ದೆ ಕೆನ್ನೆ ನೋಡಿದಳು.

"ಹೇಳಿದ್ರಾ ಮೇಡಂ?"

ಮುದುಕಿ ನನ್ನ ಕಡೆ ಒಮ್ಮೆ ನೋಡಿದಳು. ಆಮೇಲೆ ಮಗಳ ಕಡೆ ತಿರುಗಿದಳು.

"ಹೇಳಿದ್ರು ಕಣೇ," ಎಂದಳು. "ನಿಮ್ಮಪ್ಪ ನಮ್ಮನ್ನ ಬಿಟ್ಟು ಹೋಗಿರ್ಲಿಲ್ಲವಂತೆ."

ತಟ್ಟೆಯನ್ನು ಎಲ್ಲಿಟ್ಟಳೋ ನಾನು ನೋಡಲಿಲ್ಲ. ಟೈಲರಮ್ಮ ಹಾಸಿಗೆಯ ಮೇಲೆ ಬಾಗಿ ಅಮ್ಮನನ್ನು ತಬ್ಬಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಅಪ್ಪ ಇಲ್ಲೇ ಇದ್ರು ಅಮ್ಮ, ಇಲ್ಲೇ ಇದ್ರು, ಎಂದು ಅದೊಂದೇ ಮಾತು. ಮುದುಕಿಯ ಕೈ ಅವಳ ಬೆನ್ನ ಮೇಲೆ ಆಡುತ್ತಿತ್ತು.

ನಾನು ಎದ್ದು ಹೊಸ್ತಿಲಿಗೆ ಬಂದೆ. ಅರ್ಜೆಂಟಣ್ಣ ಅಲ್ಲೇ ಇದ್ದ, ಗೋಡೆಗೆ ಬೆನ್ನು ಕೊಟ್ಟು. ಎಲ್ಲವನ್ನೂ ಕೇಳಿಸಿಕೊಂಡಿದ್ದ. ಅವನ ಕಣ್ಣೂ ಕೆಂಪಗಾಗಿತ್ತು. ಜೇಬಿನಿಂದ ಪೆನ್ನು ತೆಗೆದು, ಅದರ ಮುಚ್ಚಳ ಬಿಚ್ಚದೆ, ನನ್ನ ಕಿವಿಯ ಬಳಿ ಬಂದು ಪಿಸುಗುಟ್ಟಿದ.

"ಮೇಡಂ, ಅಜ್ಜಿ ಹೇಳಿಕೆ ಬರ್ಕೊಳ್ಳಲಾ?"